ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ: ಕೆಲಸಕ್ಕೆ ಹೋಗುವುದಾದರೆ ಯಾವುದು?

ಅಕೌಂಟೆಂಟುಗಳು, ಗಣಿತ-ವಿಜ್ಞಾನದ ಮೇಷ್ಟ್ರುಗಳು, ಫಾರ್ಮಸಿಸ್ಟುಗಳು, ಗಣಿ ಎಂಜಿನಿಯರುಗಳು. ಆಫ್ರಿಕಾದ ದಕ್ಷಿಣ ಭಾಗದಿಂದ ಆಫರ್ ಲೆಟರ್ ಬಂದವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸರ್, ಬೋಟ್ಸ್ವಾನಾದವರು ಇಷ್ಟು ಪುಲಾ ಅಂತಿದಾರೆ, ಜಾಂಬಿಯಾದವರು ಇಷ್ಟು ಕ್ವಾಚಾ ಅಂತಿದಾರೆ. ರೂಪಾಯಿಗೆ ಹಾಕಿದ್ರೆ ಜಾಂಬಿಯಾನೇ ಜಾಸ್ತಿ. ಹೋಗಬಹುದಾ?"

ರೂಪಾಯಿಗೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದು ಇವತ್ತಿನ ಲೆಕ್ಕ. ನೀವು ಸಹಿ ಹಾಕುವುದು ಎರಡು-ಮೂರು ವರ್ಷದ ಕರಾರಿಗೆ. ಈ ದೇಶಗಳೆಲ್ಲ ನೆಲದಡಿಯಿಂದ ತೆಗೆದ ಒಂದೋ ಎರಡೋ ವಸ್ತುಗಳನ್ನು ನಂಬಿ ಬದುಕುವಂಥವು. ಬೋಟ್ಸ್ವಾನಾಕ್ಕೆ ವಜ್ರ, ಜಾಂಬಿಯಾಕ್ಕೆ ತಾಮ್ರ, ನಮೀಬಿಯಾಕ್ಕೆ ಯುರೇನಿಯಂ, ವಜ್ರ ಮತ್ತು ಒಂದಿಷ್ಟು ಮೀನು. ಆ ವಸ್ತುವಿನ ಬೆಲೆ ಬಿದ್ದರೆ ಮೊದಲು ಖಜಾನೆ ಅಲ್ಲಾಡುತ್ತದೆ, ಆಮೇಲೆ ಕರೆನ್ಸಿ, ಕೊನೆಗೆ ನಿಮ್ಮ ಕರಾರಿನ ನವೀಕರಣ. ಹಾಗಾಗಿ ಸಂಬಳದ ಅಂಕಿಗಿಂತ ಮೊದಲು ಆ ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿ ಅಂತಲೇ ನಾನು ಹೇಳುವುದು.

ಮೊದಲೇ ಹೇಳಿಬಿಡುತ್ತೇನೆ: ನಾನು ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವನು, ಉಳಿದೆರಡು ದೇಶಗಳಿಗೆ ಕೆಲಸದ ಮೇಲೆ ಹೋಗಿಬಂದವನು. ತಕ್ಕಡಿ ಬೋಟ್ಸ್ವಾನಾ ಕಡೆ ಸ್ವಲ್ಪ ವಾಲಿದಂತೆ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಅಕ್ಕಪಕ್ಕದ ಉಳಿದ ದೇಶಗಳನ್ನು ಇಲ್ಲಿ ಸೇರಿಸಿಲ್ಲ. ದಕ್ಷಿಣ ಆಫ್ರಿಕಾ ಗಣರಾಜ್ಯವೇ ಬೇರೆ ಪ್ರಪಂಚ. ಆರು ಕೋಟಿ ದಾಟಿದ ಜನ, 1860ರಿಂದ ನೆಲೆಸಿರುವ ಭಾರತೀಯ ಮೂಲದ ದೊಡ್ಡ ಸಮುದಾಯ, ಅಪರಾಧದ ಸಮಸ್ಯೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಜಿಂಬಾಬ್ವೆ 2024ರ ಏಪ್ರಿಲ್‌ನಲ್ಲಿ ಮತ್ತೊಂದು ಹೊಸ ಕರೆನ್ಸಿ ತಂದಿದೆ. ಅಲ್ಲಿಂದ ಆಫರ್ ಬಂದರೆ ಸಂಬಳ ಅಮೆರಿಕನ್ ಡಾಲರಿನಲ್ಲಿದ್ದರೆ ಮಾತ್ರ ಮುಂದಿನ ಮಾತು. ಎಸ್ವಾಟಿನಿ, ಲೆಸೋಥೊ ಎರಡೂ ಪುಟ್ಟ ರಾಜಸತ್ತೆಗಳು. ಎಸ್ವಾಟಿನಿಯಲ್ಲಂತೂ ರಾಜನದೇ ಕೊನೆಯ ಮಾತು.

ಯಾವ ಅಳತೆಗೋಲು?

ಮೊದಲನೆಯದು ಕರೆನ್ಸಿ: ಅದು ಯಾವುದಕ್ಕೆ ಕಟ್ಟಿಕೊಂಡಿದೆ, ಉಳಿಸಿದ ದುಡ್ಡನ್ನು ಊರಿಗೆ ಕಳಿಸಲು ತಡೆ ಇದೆಯೇ. ಎರಡನೆಯದು ಸರ್ಕಾರ: ಚುನಾವಣೆ ಬಂದಾಗ ಊರು ಹೇಗಿರುತ್ತದೆ, ಕೋರ್ಟು ನೆಟ್ಟಗಿದೆಯೇ, ಸರ್ಕಾರ ಬದಲಾದರೆ ಆಫೀಸುಗಳು ನಡೆಯುತ್ತವೆಯೇ. ಮೂರನೆಯದು ದಿನದ ಬದುಕು, ಅಂದರೆ ಕರೆಂಟು, ನೀರು, ಮಲೇರಿಯಾ, ಆಸ್ಪತ್ರೆ, ಶಾಲೆ. ನಾಲ್ಕನೆಯದು ಪರ್ಮಿಟ್ ಮತ್ತು ಅದರ ಹಿಂದಿನ ರಾಜಕೀಯ. ಕೊನೆಯದಾಗಿ ಜನ: ನೆರೆಹೊರೆ, ಭಾಷೆ, ನಮ್ಮ ಊಟದ ಸಾಮಾನು ಸಿಗುತ್ತದೋ ಇಲ್ಲವೋ.

ಇದರಲ್ಲಿ ಕೆಲವು ವಿಷಯಕ್ಕೆ ಮೂರೂ ದೇಶ ಒಂದೇ, ಅದನ್ನು ಇಲ್ಲೇ ಮುಗಿಸಿಬಿಡೋಣ. ಮೂರರಲ್ಲೂ ಆಡಳಿತ ಭಾಷೆ ಇಂಗ್ಲಿಷ್. ಮೂರರಲ್ಲೂ ಗಾಡಿ ಓಡುವುದು ನಮ್ಮಂತೆ ಎಡಗಡೆಗೆ. ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಆದ್ದರಿಂದ ರಾತ್ರಿ ಊಟಕ್ಕೆ ಮೊದಲು ಮನೆಗೆ ಫೋನ್ ಮಾಡುವ ರೂಢಿ ತಪ್ಪುವುದಿಲ್ಲ. ಭಾರತದಿಂದ ನೇರ ವಿಮಾನ ಇಲ್ಲ. ಆಡಿಸ್ ಅಬಾಬಾ, ದುಬೈ ಅಥವಾ ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು ಹತ್ತಬೇಕು. ಸರ್ಕಾರಿ ಶಾಲೆಯ ವರ್ಷ ಜನವರಿಗೆ ಶುರುವಾಗುತ್ತದೆ. ಮಕ್ಕಳನ್ನು ನಡುವೆ ವಾಪಸ್ ಕರೆತಂದು ಇಲ್ಲಿ ಜೂನ್‌ಗೆ ಸೇರಿಸುವವರಿಗೆ ಅರ್ಧ ವರ್ಷ ಹೆಚ್ಚುಕಡಿಮೆ ಆಗೇ ಆಗುತ್ತದೆ.

ಬೋಟ್ಸ್ವಾನಾ: ನೆಮ್ಮದಿ ಇದೆ, ಕೈ ಸ್ವಲ್ಪ ಬಿಗಿಯಾಗಿದೆ

ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟು, ಜನಸಂಖ್ಯೆಯಲ್ಲಿ ಮೈಸೂರು ಜಿಲ್ಲೆಗಿಂತ ಕಡಿಮೆ, ಸುಮಾರು 24 ಲಕ್ಷ. ಬಹುಪಾಲು ನೆಲ ಕಲಹರಿ ಮರಳು. ಜನ ಇರುವುದೆಲ್ಲ ಪೂರ್ವದ ಅಂಚಿನ ರೈಲು ಹಳಿಯ ಆಸುಪಾಸು.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಬಿಡುಗಡೆಯಾದಾಗ ಇದು ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದು ಸಿಕ್ಕಿದ್ದನ್ನಲ್ಲ, ಸಿಕ್ಕಮೇಲೆ ಮಾಡಿದ್ದನ್ನು. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸರ್ಕಾರ ಅದೇ 1967ರಲ್ಲಿ ಗಣಿ ಕಾನೂನು ತಂದು, ಬುಡಕಟ್ಟುಗಳ ಕೈಲಿದ್ದ ಖನಿಜದ ಹಕ್ಕನ್ನು ದೇಶದ ಹೆಸರಿಗೆ ಮಾಡಿಸಿತು. ಒರಾಪಾ ಇರುವುದು ಖಾಮಾ ಅವರ ಸ್ವಂತ ಬಮಂಗ್ವಾಟೋ ಕುಲದ ಸೀಮೆಯಲ್ಲೇ. ಆಮೇಲೆ ವಜ್ರದ ದೈತ್ಯ ಕಂಪನಿ ಡಿ ಬಿಯರ್ಸ್ ಜೊತೆ ಅರ್ಧ-ಅರ್ಧ ಪಾಲಿನ ಡೆಬ್ಸ್ವಾನಾ ಕಂಪನಿ ಬೆಳೆಯಿತು. 1982ರಲ್ಲಿ ಶುರುವಾದ ಜ್ವಾನೆಂಗ್ ಗಣಿ ಮೌಲ್ಯದ ಲೆಕ್ಕದಲ್ಲಿ ಜಗತ್ತಿನಲ್ಲೇ ಮುಂಚೂಣಿಗೆ ಬಂತು. ಆ ದುಡ್ಡಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಿ ಮಿಕ್ಕಿದ್ದನ್ನು ಪುಲಾ ಫಂಡ್ ಅಂತ 1994ರಲ್ಲಿ ತೆಗೆದಿಟ್ಟರು. ನೆಲದಡಿ ವಜ್ರ ಇದ್ದೂ ಅಂತರ್ಯುದ್ಧದಲ್ಲಿ ಬೆಂದ ದೇಶಗಳ ಪಕ್ಕ ಇಟ್ಟು ನೋಡಿದರೆ ಇದು ಸಣ್ಣ ಸಾಧನೆಯಲ್ಲ.

ರಾಜಕೀಯದ ಪರೀಕ್ಷೆ ಈಚೆಗೆ ನಡೆಯಿತು. ಸ್ವಾತಂತ್ರ್ಯದಿಂದ 58 ವರ್ಷ ಒಂದೇ ಸಮನೆ ಆಳಿದ ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿ 2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ 61 ಸ್ಥಾನಗಳ ಪೈಕಿ ನಾಲ್ಕಕ್ಕೆ ಇಳಿಯಿತು. ಅಂತಿಮ ಎಣಿಕೆ ಮುಗಿಯುವ ಮೊದಲೇ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಸೋಲೊಪ್ಪಿಕೊಂಡರು. ನವೆಂಬರ್ 1ಕ್ಕೆ ವಕೀಲ ಡುಮಾ ಬೋಕೊ ಅಧ್ಯಕ್ಷರಾದರು. ಕಲ್ಲು ತೂರಾಟ ಇಲ್ಲ, ಕರ್ಫ್ಯೂ ಇಲ್ಲ. ಹೊರಗಿನಿಂದ ಬಂದು ದುಡಿಯುವವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಗೆದ್ದ ಪಕ್ಷದ ಬಲದ ಮೇಲೆ ಆಗುತ್ತಾರೆ. ನಮ್ಮ ಪ್ರಧಾನಿಯ ಪದ್ಧತಿಗೆ ಹತ್ತಿರದ್ದು ಅನ್ನಿ.

ಹಳ್ಳಿಗಳಲ್ಲಿ ಇವತ್ತಿಗೂ ಕ್ಗೋಟ್ಲಾ ಇದೆ. ಮರದ ಕಂಬಗಳ ಅರ್ಧಚಂದ್ರದ ಬೇಲಿ, ನಡುವೆ ಕುಲದ ಮುಖ್ಯಸ್ಥ ಅಂದರೆ ಕ್ಗೋಸಿ, ಸುತ್ತ ಕುರ್ಚಿ ಹಾಕಿಕೊಂಡ ಊರಿನವರು. ಸಣ್ಣಪುಟ್ಟ ತಂಟೆಗಳು ಅಲ್ಲೇ ಇತ್ಯರ್ಥ. ಮಂತ್ರಿ ಬಂದರೂ ಅಲ್ಲೇ ನಿಂತು ಜವಾಬು ಹೇಳಬೇಕು. ಈ ಸ್ವಭಾವ ಆಫೀಸಿನೊಳಗೂ ಇದೆ. ಕೌಂಟರಿನ ಮುಂದೆ ಹೋದವರೇ "ನನ್ನ ಫೈಲ್ ಏನಾಯ್ತು" ಅಂದರೆ ಫೈಲ್ ಅಲ್ಲೇ ಉಳಿಯುತ್ತದೆ. ಹೆಂಗಸಾದರೆ "ದುಮೆಲಾ ಮ್ಮಾ", ಗಂಡಸಾದರೆ "ದುಮೆಲಾ ರ್ರಾ" ಅನ್ನಬೇಕು, ಹೇಗಿದ್ದೀರಿ ಅಂತ ಕೇಳಿ ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು, ಆಮೇಲೆ ಫೈಲು. ಬೆಂಗಳೂರಿನ ಅವಸರದಲ್ಲಿ ಬೆಳೆದವರಿಗೆ ಮೊದಲ ಕೆಲವು ತಿಂಗಳು ಇದೇ ದೊಡ್ಡ ಕಷ್ಟ.

ಇನ್ನು ಬಿಗಿಯಾದ ಕೈಯ ವಿಷಯ. ರಫ್ತಿನ ಐದರಲ್ಲಿ ನಾಲ್ಕು ಪಾಲು ವಜ್ರ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಅಗ್ಗಕ್ಕೆ ಸಿಗತೊಡಗಿ, ಅಮೆರಿಕ-ಚೀನಾಗಳಲ್ಲಿ ಬೇಡಿಕೆ ಕುಸಿದು, 2023ರಿಂದ ಗಣಿ ವಜ್ರದ ವ್ಯಾಪಾರ ಸೊರಗಿದೆ. ಸೂರತ್‌ನ ವಜ್ರ ಕುಶಲಕರ್ಮಿಗಳು ಕೆಲಸ ಕಳೆದುಕೊಂಡ ಸುದ್ದಿ ಓದಿರುತ್ತೀರಿ. ಅದೇ ಸರಪಳಿಯ ಇನ್ನೊಂದು ತುದಿ ಬೋಟ್ಸ್ವಾನಾ. 2024ರಲ್ಲಿ ಅಲ್ಲಿನ ಆರ್ಥಿಕತೆ ಶೇ 3ರಷ್ಟು ಕುಗ್ಗಿತು. 2025ರ ಆಗಸ್ಟ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಸಾಲದೆ ಅಧ್ಯಕ್ಷರೇ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಹಿಂದೆ ಸರ್ಕಾರಿ ಕಾಂಟ್ರಾಕ್ಟ್ ಅಂದರೆ ಕಣ್ಣುಮುಚ್ಚಿ ಸಹಿ ಹಾಕಬಹುದಿತ್ತು. ಈಗ ಸಂಬಳ ಕೊಡುವವರು ಸರ್ಕಾರವೋ, ಸರ್ಕಾರಿ ಸ್ವಾಮ್ಯದ ಸಂಸ್ಥೆಯೋ, ಖಾಸಗಿಯೋ ಅಂತ ಕೇಳಿಕೊಳ್ಳಬೇಕು. ಕಟ್ಟಡ ಗುತ್ತಿಗೆದಾರರ ಕಂಪನಿಯಾದರೆ ಅದರ ಬಿಲ್ಲುಗಳು ಸರ್ಕಾರದಲ್ಲಿ ಎಷ್ಟು ಬಾಕಿ ಇವೆ ಅನ್ನುವುದನ್ನೂ.

ಹಾಗಂತ ಪುಲಾ ನೆಲಕಚ್ಚಿಲ್ಲ. ಅದು ದಕ್ಷಿಣ ಆಫ್ರಿಕಾದ ರಾಂಡ್ ಮತ್ತು ಐಎಂಎಫ್‌ನ ಎಸ್‌ಡಿಆರ್ (ದೊಡ್ಡ ಕರೆನ್ಸಿಗಳನ್ನು ಕೂಡಿಸಿ ಮಾಡಿದ ಲೆಕ್ಕದ ಹಣ) ಸೇರಿದ ಬುಟ್ಟಿಗೆ ಕಟ್ಟಿಕೊಂಡಿದೆ. 2025ರಲ್ಲಿ ಸರ್ಕಾರ ಅದನ್ನು ಸ್ವಲ್ಪ ವೇಗವಾಗಿ ಇಳಿಯಲು ಬಿಟ್ಟಿತು, ಆದರೂ ರಾತ್ರೋರಾತ್ರಿ ಅರ್ಧ ಬೆಲೆಗೆ ಬರುವಂಥ ಆತಂಕದ ಚರಿತ್ರೆ ಅದಕ್ಕಿಲ್ಲ. ವಿದೇಶಿ ವಿನಿಮಯ ನಿರ್ಬಂಧಗಳನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ತೆರಿಗೆ ಕಟ್ಟಿದ ದುಡ್ಡನ್ನು ಊರಿಗೆ ಕಳಿಸಲು ಯಾರ ಅಪ್ಪಣೆಯೂ ಬೇಡ. ಆದಾಯ ತೆರಿಗೆಯ ಗರಿಷ್ಠ ದರ ಬಹುಕಾಲ ಶೇ 25ರಲ್ಲೇ ಇತ್ತು. ನಮೀಬಿಯಾ, ಜಾಂಬಿಯಾಗಳಲ್ಲಿ ಅದು ಶೇ 37. ಹೋಲಿಸುವಾಗ ಕೈಗೆ ಬರುವ ಸಂಬಳವನ್ನೇ ಹೋಲಿಸಿ.

ಮನೆಯ ಮಟ್ಟಿಗೆ ಗ್ಯಾಬೊರೋನ್ ಸಲೀಸು. ಮಲೇರಿಯಾ ಇಲ್ಲ (ಉತ್ತರದ ಚೋಬೆ, ಒಕವಾಂಗೋ ಕಡೆ ಇದೆ). ನೀರು ಮಾತ್ರ ಎಚ್ಚರ. 2015ರ ಬರದಲ್ಲಿ ಗ್ಯಾಬೊರೋನ್ ಅಣೆಕಟ್ಟು ಬಹುತೇಕ ಬತ್ತಿಹೋಗಿತ್ತು. ಮನೆ ನೋಡುವಾಗ ಹಿತ್ತಲಲ್ಲಿ ದೊಡ್ಡ ಹಸಿರು ಪ್ಲಾಸ್ಟಿಕ್ ಟ್ಯಾಂಕ್, ಅಲ್ಲಿನವರ ಬಾಯಲ್ಲಿ ಜೋಜೋ, ಇದೆಯೇ ಅಂತ ನೋಡಿಯೇ ಅಡ್ವಾನ್ಸ್ ಕೊಡಿ. ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ. ದೊಡ್ಡ ಕಾಯಿಲೆಗೆ ಜನ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಜೊಹಾನ್ಸ್‌ಬರ್ಗ್‌ಗೆ ಹೋಗುತ್ತಾರೆ. ವಿಮೆಗೆ ಅಲ್ಲಿ ಮೆಡಿಕಲ್ ಏಡ್ ಅನ್ನುತ್ತಾರೆ, ಅದರ ಕಂತನ್ನು ಕಂಪನಿ ಎಷ್ಟು ಕಟ್ಟುತ್ತದೆ ಅನ್ನುವುದು ಆಫರ್ ಲೆಟರಿನಲ್ಲಿ ಇರಲೇಬೇಕು. ವಯಸ್ಕರಲ್ಲಿ ಐವರಲ್ಲಿ ಒಬ್ಬರಷ್ಟು ಎಚ್‌ಐವಿ ಇರುವ ದೇಶ ಇದು. 2002ರಿಂದ ಉಚಿತ ಔಷಧ ಕೊಟ್ಟು ಆ ಪಿಡುಗನ್ನು ಹಿಡಿತಕ್ಕೆ ತಂದದ್ದು ಜಗತ್ತೇ ಅಧ್ಯಯನ ಮಾಡುವ ಕೆಲಸ. ಇದರಿಂದ ನಿಮ್ಮ ನಿತ್ಯಜೀವನಕ್ಕೆ ಯಾವ ಅಪಾಯವೂ ಇಲ್ಲ, ಊರಿನಲ್ಲಿ ಅಜ್ಜಿ ಕೇಳಿದರೆ ಹಾಗೇ ಹೇಳಿ.

ಊಟ? ಬೇಳೆ, ಅಕ್ಕಿ, ಮಸಾಲೆಗೆ ಭಾರತೀಯ ಅಂಗಡಿಗಳಿವೆ. ಬಾಲಾಜಿ ದೇವಸ್ಥಾನವೂ ಇದೆ. ಉತ್ತರ ಕರ್ನಾಟಕದವರಿಗೆ ಒಂದು ಖುಷಿಯ ವಿಷಯ: ಸ್ಥಳೀಯರ ಬೊಗೊಬೆ ಎಂಬ ಗಟ್ಟಿ ಅಂಬಲಿ ನಮ್ಮ ಜೋಳದ ಹಿಟ್ಟಿನದೇ, ಹಿಟ್ಟು ಪ್ರತಿ ಸೂಪರ್‌ಮಾರ್ಕೆಟಿನಲ್ಲೂ ಸಿಗುತ್ತದೆ. ಆದರೆ ತರಕಾರಿಗೆ ಸರ್ಕಾರದ ನೀತಿಯ ಬಿಸಿ ತಟ್ಟುತ್ತದೆ. ಸ್ಥಳೀಯ ರೈತರನ್ನು ಬೆಳೆಸಲೆಂದು 2022ರ ಜನವರಿಯಿಂದ ಟೊಮೆಟೊ, ಈರುಳ್ಳಿ ಮುಂತಾದವುಗಳ ಆಮದು ನಿಲ್ಲಿಸಿದ್ದರು. ಒಗ್ಗರಣೆಗೆ ಈರುಳ್ಳಿ ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವ ದಿನಗಳಿದ್ದವು. ಹೊಸ ಸರ್ಕಾರ ಅದನ್ನು ಸಡಿಲಿಸಿದೆ.

ಒಂಟಿಯಾಗಿ ಹೋಗುವವರಿಗೆ ಒಂದು ಮಾತು. ಶುಕ್ರವಾರ ಸಂಜೆಯಾದರೆ ಅರ್ಧ ಗ್ಯಾಬೊರೋನ್ ಖಾಲಿ. ಅಲ್ಲಿನವರಿಗೆ ಊರಿನಲ್ಲೊಂದು ಮನೆ, ಹೊಲದಲ್ಲೊಂದು ಗುಡಿಸಲು, ದನ ಮೇಯಿಸುವ ಮೊರಾಕಾದಲ್ಲೊಂದು ಬಿಡಾರ, ಹೀಗೆ ಹಳೆಯ ಕಾಲದಿಂದ ಮೂರು ನೆಲೆ. ಬ್ಯಾಂಕ್ ಮ್ಯಾನೇಜರಿಗೂ ವಾರಾಂತ್ಯದ ಚಿಂತೆ ತನ್ನ ದನಗಳದು. ಶನಿವಾರ, ಭಾನುವಾರ ನಿಮಗೆ ಬಹಳ ಉದ್ದ ಅನ್ನಿಸುತ್ತದೆ.

ಜಾಂಬಿಯಾ: ಚುರುಕಾದ ಊರು, ಚಂಚಲ ದುಡ್ಡು

ಉಳಿದೆರಡರ ನೀರವದಿಂದ ರಾಜಧಾನಿ ಲುಸಾಕಾಕ್ಕೆ ಬಂದಿಳಿದರೆ ನಮ್ಮ ಊರಿಗೇ ಬಂದಹಾಗೆ. ಎರಡು ಕೋಟಿ ಜನರ ದೇಶ, ರಸ್ತೆಬದಿಯ ವ್ಯಾಪಾರ, ಮಿನಿಬಸ್ ಕಂಡಕ್ಟರನ ಕೂಗು, ಮೂಲೆಮೂಲೆಗೂ ಮೊಬೈಲ್ ಮನಿ ಬೂತು. ಗುಜರಾತಿ ಅಂಗಡಿಕಾರರು ಬ್ರಿಟಿಷರ ಕಾಲದಿಂದ ಇದ್ದಾರೆ. ಲಿವಿಂಗ್‌ಸ್ಟನ್‌ನಲ್ಲಿ ಹಳೆಯ ಮನೆತನಗಳೇ ಇವೆ. ಅವಕಾಶದ ವೈವಿಧ್ಯದಲ್ಲಿ ಮೂರರಲ್ಲಿ ಇದೇ ಮುಂದು. ಬೇಸಾಯ, ಔಷಧ ವ್ಯಾಪಾರ, ಕಟ್ಟಡ ಸಾಮಗ್ರಿ, ಶಾಲೆ, ಗಣಿಗೆ ಬೇಕಾದ ಬಿಡಿಭಾಗ, ಯಾವುದರಲ್ಲಾದರೂ ಸ್ವಂತಕ್ಕೆ ಏನಾದರೂ ಶುರುಮಾಡುವ ಆಸೆ ಇದ್ದರೆ ಇಲ್ಲಿ ಕೊಳ್ಳುವ ಜನ ಇದ್ದಾರೆ. 24 ಲಕ್ಷ ಜನರ ಬೋಟ್ಸ್ವಾನಾದಲ್ಲಿ ಆ ಮಾತು ಬಹುಬೇಗ ಮುಗಿಯುತ್ತದೆ.

ಕಷ್ಟವೆಲ್ಲ ಕ್ವಾಚಾದ್ದು. ಸಾವಿರ ಹಳೆ ಕ್ವಾಚಾಗೆ ಒಂದು ಹೊಸದು ಅಂತ 2013ರ ಜನವರಿಯಲ್ಲಿ ಸೊನ್ನೆಗಳನ್ನು ಕತ್ತರಿಸಿದಾಗ ಡಾಲರಿಗೆ ಸುಮಾರು ಐದಿತ್ತು. 2024ರ ಕೊನೆಗೆ 28ರ ಹತ್ತಿರ. 2025ರಲ್ಲಿ ತಾಮ್ರದ ಬೆಲೆ ಏರಿ ಮತ್ತೆ ಗಟ್ಟಿಯಾಯಿತು. ಏರಿದ್ದಕ್ಕೂ ಇಳಿದದ್ದಕ್ಕೂ ಕಾರಣ ಒಂದೇ: ರಫ್ತು ಗಳಿಕೆಯ ಸುಮಾರು ಮುಕ್ಕಾಲು ಪಾಲು ತಾಮ್ರ. ಅದರ ಮೇಲೆ ಸಾಲದ ಹೊರೆ. 2020ರ ನವೆಂಬರ್‌ನಲ್ಲಿ ಡಾಲರ್ ಬಾಂಡ್‌ಗಳ ಬಡ್ಡಿ ಕಟ್ಟಲಾಗದೆ ಕೈಯೆತ್ತಿತು. ಕೋವಿಡ್ ಕಾಲದಲ್ಲಿ ಹಾಗೆ ಕೈಯೆತ್ತಿದ ಮೊದಲ ಆಫ್ರಿಕನ್ ದೇಶ ಅದು. ಸಾಲದ ಮರುಹೊಂದಾಣಿಕೆಗೆ ಮೂರ್ನಾಲ್ಕು ವರ್ಷ ಹಿಡಿಯಿತು. ಆದ್ದರಿಂದ ಜಾಂಬಿಯಾಕ್ಕೆ ನನ್ನ ನಿಯಮ ಸರಳ: ಸಂಬಳ ಡಾಲರಿನಲ್ಲಿ ನಿಗದಿಯಾಗಿ, ಕೊಡುವ ದಿನದ ದರದಲ್ಲಿ ಕ್ವಾಚಾಕ್ಕೆ ಬದಲಾಗುವಂತಿದ್ದರೆ ಹೋಗಿ. ಬರೀ ಕ್ವಾಚಾ ಅಂಕಿ ಬರೆದಿದ್ದರೆ, ಊರಿನಲ್ಲಿ ಮನೆಸಾಲದ ಕಂತು ಕಟ್ಟುತ್ತಿರುವವರು ಒಪ್ಪಬೇಡಿ. ದುಡ್ಡು ಹೊರಗೆ ಕಳಿಸಲು ಇಲ್ಲೂ ತಡೆ ಇಲ್ಲ, ಆ ಒಂದು ಸಮಾಧಾನ.

ಎರಡನೆಯ ಕಷ್ಟ ಕರೆಂಟು. ವಿದ್ಯುತ್ತಿನ ಬಹುಪಾಲು ಜಲವಿದ್ಯುತ್, ಅದರಲ್ಲೂ ಕರಿಬಾ ಜಲಾಶಯದ ನೀರು. 2024ರ ಬರವನ್ನು ಆ ಫೆಬ್ರುವರಿಯಲ್ಲೇ ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದರು. ಮುಂದಿನ ತಿಂಗಳುಗಳಲ್ಲಿ ದಿನಕ್ಕೆ ಮೂರ್ನಾಲ್ಕು ಗಂಟೆ ಕರೆಂಟು ಬಂದರೆ ಪುಣ್ಯ ಅನ್ನುವ ಬಡಾವಣೆಗಳಿದ್ದವು. ನಮ್ಮ ಲೋಡ್‌ಶೆಡ್ಡಿಂಗ್ ನೆನಪಿರುವವರಿಗೂ ಅದು ಬೇರೆಯೇ ಮಟ್ಟ. ಕ್ಷೌರದಂಗಡಿಯವನು ನಡುರಾತ್ರಿ ಕರೆಂಟು ಬಂದಾಗ ಗಿರಾಕಿಗೆ ಫೋನ್ ಮಾಡಿ ಕರೆಯುವಷ್ಟು. ಸೋಲಾರ್ ಮತ್ತು ಇನ್ವರ್ಟರ್ ಇರುವ ಮನೆಯನ್ನು ಕಂಪನಿಯೇ ಕೊಡುತ್ತದೆಯೇ ಅಂತ ಬರವಣಿಗೆಯಲ್ಲಿ ಕೇಳಿ. ಮಲೇರಿಯಾ ದೇಶದ ತುಂಬ ಇದೆ. ಸೊಳ್ಳೆಪರದೆ, ಜ್ವರ ಬಂದ ದಿನವೇ ರಕ್ತಪರೀಕ್ಷೆ, ಈ ಎರಡರಲ್ಲಿ ಸೋಮಾರಿತನ ಬೇಡ. ಪುಟ್ಟ ಮಕ್ಕಳಿರುವವರು, ಬಸುರಿಯರು ಇದನ್ನು ಎರಡು ಸಲ ಯೋಚಿಸಬೇಕು.

ಸರ್ಕಾರದ ಮಟ್ಟಿಗೆ ಜಾಂಬಿಯಾಕ್ಕೆ ಹೆಮ್ಮೆಪಡಲು ಕಾರಣವಿದೆ. 1964ರ ಅಕ್ಟೋಬರ್ 24ರಂದು ಸ್ವತಂತ್ರವಾಗಿ, ಕೆನೆತ್ ಕೌಂಡಾ ಅವರ ಕೈಯಲ್ಲಿ ಏಕಪಕ್ಷ ರಾಜ್ಯವಾಗಿ, 1991ರಲ್ಲಿ ಬಹುಪಕ್ಷ ಚುನಾವಣೆಗೆ ಮರಳಿತು. ಕೌಂಡಾ ಸೋತು ಮನೆಗೆ ಹೋದರು. ಆಮೇಲೆ 2011ರಲ್ಲಿ, 2021ರಲ್ಲಿ ಮತ್ತೆ ಅಧಿಕಾರದಲ್ಲಿದ್ದವರು ಸೋತಿದ್ದಾರೆ. 2021ರಲ್ಲಿ ಹಕೈಂಡೆ ಹಿಚಿಲೆಮಾ ಗೆದ್ದದ್ದು ಸುಮಾರು 10 ಲಕ್ಷ ಮತಗಳ ಅಂತರದಲ್ಲಿ. ಆದರೆ ಬೋಟ್ಸ್ವಾನಾದ ತಣ್ಣಗಿನ ಚುನಾವಣೆಯನ್ನು ಇಲ್ಲಿ ನಿರೀಕ್ಷಿಸಬೇಡಿ. ಐದು ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಬರುವ ಹಬ್ಬ ಅದು, 2026 ಅಂಥ ವರ್ಷ. ಮೆರವಣಿಗೆ, ಕಾರ್ಯಕರ್ತರ ಕೈಕೈ ಮಿಲಾಯಿಸುವಿಕೆ ಇರುತ್ತದೆ. ಮತದಾರ ನೋಡುವುದು ಮೀಲಿ ಮೀಲ್ ಬೆಲೆ. ನ್ಶಿಮಾ ಎಂಬ ಮುದ್ದೆ ಮಾಡುವ ಮುಸುಕಿನ ಜೋಳದ ಹಿಟ್ಟು ಅದು. 25 ಕಿಲೋ ಚೀಲದ ದರ ಏರಿದರೆ ಆಳುವವರಿಗೆ ನಿದ್ದೆ ಬರುವುದಿಲ್ಲ.

ಗಣಿ ಎಂಜಿನಿಯರುಗಳಿಗೆ ಮಾತ್ರ ಜಾಂಬಿಯಾವನ್ನೇ ಮೊದಲು ನೋಡಿ ಅನ್ನುತ್ತೇನೆ. ವರ್ಷಕ್ಕೆ ಎಂಟು ಲಕ್ಷ ಟನ್ ಆಸುಪಾಸಿನ ತಾಮ್ರವನ್ನು 2030ರ ದಶಕದ ಆರಂಭಕ್ಕೆ 30 ಲಕ್ಷ ಟನ್‌ಗೆ ಒಯ್ಯುವುದು ಸರ್ಕಾರದ ಗುರಿ. ಅಷ್ಟು ಮುಟ್ಟುತ್ತದೋ ಇಲ್ಲವೋ, ಕೆಲಸವಂತೂ ಇದೆ. ಸೊಲ್ವೇಜಿ ಬಳಿಯ ಕನ್ಸಾನ್ಶಿ, ಲುಂವಾನಾ ಗಣಿಗಳಲ್ಲಿ ಹೊಸ ಬಂಡವಾಳ ಬಂದಿದೆ. ಚಿಂಗೋಲಾದ ಕೊಂಕೋಲಾ ಗಣಿಗಳ ಕಥೆ ಭಾರತಕ್ಕೆ ಹತ್ತಿರದ್ದು. ವೇದಾಂತ 2004ರಲ್ಲಿ ಕೊಂಡದ್ದನ್ನು 2019ರಲ್ಲಿ ಸರ್ಕಾರ ಕಂಪನಿ ಮುಚ್ಚಿ ಆಸ್ತಿ ವಿಲೇವಾರಿ ಮಾಡುವ ಲಿಕ್ವಿಡೇಟರ್ ಕೈಗೆ ಕೊಟ್ಟಿತು, ದೀರ್ಘ ಜಗಳದ ನಂತರ 2024ರಲ್ಲಿ ಅದು ವೇದಾಂತಕ್ಕೇ ಮರಳಿತು. ಗಣಿಯ ಮಾಲೀಕತ್ವ ಇಲ್ಲಿ ಹೀಗೆ ಕೈಬದಲಾಗುತ್ತದೆ ಅನ್ನುವುದನ್ನು ಮರೆಯದೆ, ಕರಾರಿನಲ್ಲಿ ನೋಟಿಸ್ ಅವಧಿ ಮತ್ತು ಊರಿಗೆ ಮರಳುವ ಟಿಕೆಟ್ ಯಾರದು ಅನ್ನುವುದನ್ನು ಬರೆಸಿಕೊಳ್ಳಿ. ಕಾಪರ್‌ಬೆಲ್ಟ್ ಎಂಬ ತಾಮ್ರದ ಗಣಿಸೀಮೆಯ ಊರುಗಳಲ್ಲಿ ಕುಟುಂಬ ಇಡುವವರು ನೀರಿನ ಬಗ್ಗೆಯೂ ವಿಚಾರಿಸಬೇಕು. 2025ರ ಫೆಬ್ರುವರಿಯಲ್ಲಿ ಕಿಟ್ವೆ ಹತ್ತಿರ ಗಣಿತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರು ಕಫುಯೆ ನದಿಗೆ ಸೇರಿತ್ತು.

ನಮೀಬಿಯಾ: ಅಚ್ಚುಕಟ್ಟು, ಆದರೆ ಒಬ್ಬಂಟಿ

ನಮೀಬಿಯಾವನ್ನು ಕನ್ನಡಿಗರು ಈಗೀಗ ಗುರುತಿಸುವುದು 2022ರಲ್ಲಿ ಕುನೋಗೆ ಬಂದ ಎಂಟು ಚೀತಾಗಳಿಂದ. ಚರಿತ್ರೆ ಅಷ್ಟು ಹಗುರವಾದದ್ದಲ್ಲ. 1884ರಿಂದ ಜರ್ಮನ್ ವಸಾಹತು, 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರ ನರಮೇಧ, ಆಮೇಲೆ 1990ರ ಮಾರ್ಚ್ 21ರವರೆಗೆ ದಕ್ಷಿಣ ಆಫ್ರಿಕಾದ ವರ್ಣಭೇದದ ಆಳ್ವಿಕೆ. ರಾಜಧಾನಿ ವಿಂಡ್‌ಹುಕ್‌ನಲ್ಲಿ ಕಾಲಿಟ್ಟ ದಿನವೇ ಅದರ ಗುರುತು ಕಾಣುತ್ತದೆ. ಒಂದು ಕಡೆ ಜರ್ಮನ್ ಬೇಕರಿ, ಓರಣದ ಬೀದಿ. ಗುಡ್ಡದಾಚೆ ಕಪ್ಪು ಜನರನ್ನು ಒಕ್ಕಲೆಬ್ಬಿಸಿ ತಂದು ಕೂರಿಸಿದ ಕಟುಟುರಾ, ಅದರಾಚೆ ತಗಡಿನ ಮನೆಗಳ ಸಾಲು. ಆದಾಯದ ಅಂತರದಲ್ಲಿ ಜಗತ್ತಿನಲ್ಲೇ ಮೊದಲ ಕೆಲವು ಸ್ಥಾನಗಳಲ್ಲಿರುವ ದೇಶ ಇದು. ಬೋಟ್ಸ್ವಾನಾದಲ್ಲೂ ಅಂತರ ಕಡಿಮೆಯಿಲ್ಲ, ಆದರೆ ಇಲ್ಲಿ ಅದಕ್ಕೆ ಮೈಬಣ್ಣವೂ ಸೇರಿಕೊಂಡಿದೆ. ನೀವು ಎರಡೂ ಕಡೆಯವರಲ್ಲ, ಆದ್ದರಿಂದ ಇಬ್ಬರ ನಡುವೆಯೂ ಒಂದಿಷ್ಟು ಕಾಲ ಹೊರಗಿನವರಾಗಿಯೇ ಇರುತ್ತೀರಿ.

ವ್ಯವಸ್ಥೆ ಮಾತ್ರ ಚೊಕ್ಕ. ರಸ್ತೆ, ಬ್ಯಾಂಕ್, ಖಾಸಗಿ ಆಸ್ಪತ್ರೆ ಎಲ್ಲ ನೆಟ್ಟಗಿವೆ. ಬರದ ನಾಡಾದರೂ ವಿಂಡ್‌ಹುಕ್ 1968ರಿಂದಲೂ ಕೊಳಚೆ ನೀರನ್ನು ಶುದ್ಧಮಾಡಿ ಕುಡಿಯುವ ನೀರಿಗೇ ಸೇರಿಸುತ್ತಿದೆ, ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ನಗರ. ಮೊದಲ ಲೋಟ ಎತ್ತುವಾಗ ನಾನೂ ಹಿಂದೆಮುಂದೆ ನೋಡಿದೆ. ನೀರು ನೀರಿನ ಹಾಗೇ ಇತ್ತು. ರಾಜಧಾನಿಯಲ್ಲಿ ಮಲೇರಿಯಾ ಇಲ್ಲ, ಈಶಾನ್ಯದ ಕವಾಂಗೋ, ಜಾಂಬೆಜಿ ಪ್ರಾಂತ್ಯಗಳಲ್ಲಿದೆ.

ನಮೀಬಿಯನ್ ಡಾಲರ್ ರಾಂಡಿಗೆ ಒಂದಕ್ಕೊಂದು ಕಟ್ಟಿಕೊಂಡಿದೆ. ಅಂದರೆ ನಿಮ್ಮ ಉಳಿತಾಯದ ಭವಿಷ್ಯ ಪ್ರಿಟೋರಿಯಾದ, ಅಂದರೆ ದಕ್ಷಿಣ ಆಫ್ರಿಕಾ ಸರ್ಕಾರದ, ರಾಜಕೀಯದ ಮೇಲೆ ನಿಂತಿರುತ್ತದೆ. ಕ್ವಾಚಾದಷ್ಟು ಚಂಚಲವಲ್ಲ, ಪುಲಾದಷ್ಟು ಸ್ಥಿರವೂ ಅಲ್ಲ. ರಾಂಡ್ ವಲಯದ ವಿನಿಮಯ ನಿಯಂತ್ರಣ ಇಲ್ಲಿ ಇದೆ. ಸಂಬಳ ಕಳಿಸಬಹುದು, ಆದರೆ ಬ್ಯಾಂಕಿನಲ್ಲಿ ಕರಾರು, ಪರ್ಮಿಟ್ ಎಲ್ಲ ತೋರಿಸುವ ಕಾಗದದ ಕೆಲಸ ಹೆಚ್ಚು.

ಸ್ವಾತಂತ್ರ್ಯ ಹೋರಾಟದ ಸ್ವಾಪೊ ಪಕ್ಷ 1990ರಿಂದ ಇಂದಿನವರೆಗೂ ಅಧಿಕಾರದಲ್ಲಿದೆ. 2024ರ ನವೆಂಬರ್‌ನ ಚುನಾವಣೆಯಲ್ಲಿ ಅದರ ಬಲ 96ರಲ್ಲಿ 51ಕ್ಕೆ ಇಳಿಯಿತು. 2025ರ ಮಾರ್ಚ್ 21ರಂದು ನೆಟುಂಬೊ ನಂಡಿ-ಎನ್‌ಡೈಟ್ವಾ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಆರ್ಥಿಕತೆಗೆ ಬೋಟ್ಸ್ವಾನಾಕ್ಕಿಂತ ಹೆಚ್ಚು ಕಾಲುಗಳಿವೆ: ಸಮುದ್ರತಳದ ವಜ್ರ, ಜಗತ್ತಿನ ಮೂರನೇ ದೊಡ್ಡ ಯುರೇನಿಯಂ ಉತ್ಪಾದನೆ, ವಾಲ್ವಿಸ್ ಬೇ ಬಂದರು, ಮೀನು, ದನದ ಮಾಂಸ. 2022ರಲ್ಲಿ ಆರೆಂಜ್ ನದಿಯ ಕಡಲ ಭಾಗದಲ್ಲಿ ತೈಲ ಸಿಕ್ಕಿದೆ. ಆ ತೈಲದ ಮಾತು ಹೇಳಿ ಈಗಲೇ ದೊಡ್ಡ ಸಂಬಳದ ಆಸೆ ತೋರಿಸುವ ಏಜೆಂಟರಿದ್ದಾರೆ. ಸಿಕ್ಕಿದ ತೈಲ ಮೇಲೆ ಬಂದು ದುಡ್ಡಾಗಲು ವರ್ಷಗಳೇ ಬೇಕು.

ಭಾರತೀಯರು ಬಹಳ ಕಡಿಮೆ. ಅಂಗಡಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಆದರೆ ಜನ ತಮ್ಮತಮ್ಮೊಳಗೆ ಆಫ್ರಿಕಾನ್ಸ್ ಅಥವಾ ಓಶಿವಾಂಬೊ ಆಡುತ್ತಾರೆ. ಭಾನುವಾರದ ಆತಿಥ್ಯ ಎಂದರೆ ಬ್ರಾಯ್, ಕೆಂಡದ ಮೇಲೆ ಸುಟ್ಟ ಮಾಂಸ. ಸಸ್ಯಾಹಾರಿಗಳು ತಮ್ಮ ಡಬ್ಬಿ ತೆಗೆದುಕೊಂಡು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರದಲ್ಲಿ ಬೆಳೆಯುವ ಮಹಾಂಗು ನಮ್ಮ ಸಜ್ಜೆಯೇ. ಹಿಟ್ಟು ತಂದು ರೊಟ್ಟಿ ತಟ್ಟಬಹುದು.

ಪರ್ಮಿಟ್ ಎಂಬ ಬಾಗಿಲು

ಬೋಟ್ಸ್ವಾನಾದಲ್ಲಿ ದುಡಿಯುವ ವಯಸ್ಸಿನ ನಾಲ್ವರಲ್ಲಿ ಒಬ್ಬರಿಗಾದರೂ ಕೆಲಸವಿಲ್ಲ, ನಮೀಬಿಯಾದಲ್ಲಿ ಮೂವರಲ್ಲಿ ಒಬ್ಬರಿಗೆ. ಓದಿದ ಹುಡುಗರು ಖಾಲಿ ಕೂತಿರುವಾಗ ಹೊರಗಿನವರಿಗೆ ಯಾಕೆ ಕೆಲಸ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಹುದ್ದೆಗೆ ಸ್ಥಳೀಯರೊಬ್ಬರನ್ನು ತಯಾರು ಮಾಡಬೇಕು ಎಂಬ ಷರತ್ತು ಪರ್ಮಿಟ್ ಜೊತೆಗೇ ಬರುವುದು ಸಾಮಾನ್ಯ. ಪರ್ಮಿಟ್ ಆ ಕಂಪನಿಗೆ, ಆ ಹುದ್ದೆಗೆ ಕಟ್ಟಿದ್ದು. ಮನಸ್ಸು ಬಂದಂತೆ ಕೆಲಸ ಬದಲಿಸಲಾಗದು. ಗಂಡ ಅಥವಾ ಹೆಂಡತಿ ಜೊತೆಗೆ ಬರಬಹುದು, ಆದರೆ ದುಡಿಯಲು ಅವರಿಗೆ ಬೇರೆಯೇ ಪರ್ಮಿಟ್ ಬೇಕು. ಇಬ್ಬರ ದುಡಿಮೆ ನಂಬಿದ ಸಂಸಾರದ ಲೆಕ್ಕ ತಪ್ಪುವುದು ಇಲ್ಲೇ. ದಾದಿಯರು, ಫಾರ್ಮಸಿಸ್ಟುಗಳು, ವೈದ್ಯರು ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು, ಅದು ಮುಗಿಯುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಬೇಡ. ಪರ್ಮಿಟ್ ಮಾಡಿಸಿಕೊಡುತ್ತೇನೆ, ವಿಸಿಟ್ ವೀಸಾದಲ್ಲಿ ಬನ್ನಿ ಅನ್ನುವ ಏಜೆಂಟನ ಫೋನನ್ನು ಅಲ್ಲಿಗೇ ಇಟ್ಟುಬಿಡಿ.

ಹಾಗಾದರೆ ಯಾರಿಗೆ ಯಾವುದು

ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಗ್ಯಾಬೊರೋನ್. ಶಾಲೆಯ ಶುಲ್ಕವನ್ನು ಕಂಪನಿ ಕೊಡುವುದಾದರೆ ಮಾತ್ರ ಅನ್ನುವುದನ್ನು ಸೇರಿಸಿಕೊಳ್ಳಿ, ಯಾಕೆಂದರೆ ಕೇಂಬ್ರಿಜ್ ಪಠ್ಯಕ್ರಮದ ಒಳ್ಳೆಯ ಖಾಸಗಿ ಶಾಲೆಗಳ ಶುಲ್ಕ ಮಧ್ಯಮ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ಇಬ್ಬರು ಮಕ್ಕಳಿದ್ದು ಶುಲ್ಕ ನಿಮ್ಮದೇ ಆದರೆ ಉಳಿತಾಯ ಎಂಬ ಮಾತು ಬಿಡಿ; ಆಗ ಒಬ್ಬರೇ ಹೋಗಿ ದುಡಿದು ಬರುವುದೋ ಇಲ್ಲೇ ಇರುವುದೋ ಯೋಚಿಸಿ.

ಮದುವೆಯಾಗದ, ಮೂರು ವರ್ಷ ದುಡಿದು ಸಾಲ ತೀರಿಸಬೇಕೆನ್ನುವ ಹುಡುಗ ಹುಡುಗಿಯರಿಗೆ ಡಾಲರ್ ಕರಾರು ಸಿಕ್ಕರೆ ಜಾಂಬಿಯಾ, ಸಿಗದಿದ್ದರೆ ಬೋಟ್ಸ್ವಾನಾದ ಖಾಸಗಿ ಕಂಪನಿ. ಸಂಬಳ ಒಂದೇ ಆದರೂ ಬೋಟ್ಸ್ವಾನಾದಲ್ಲಿ ತೆರಿಗೆ ಕಡಿಮೆ, ಖರ್ಚು ಮಾಡಲು ದಾರಿಯೂ ಕಡಿಮೆ. ಆದರೆ ಕಾರು ಬೇಕೇಬೇಕು. ಕೊಂಬಿ ಎಂಬ ಮಿನಿವ್ಯಾನುಗಳು ಹೊತ್ತಾದ ಮೇಲೆ ಸಿಗುವುದಿಲ್ಲ. ಜಪಾನಿನಿಂದ ಬರುವ ಸೆಕೆಂಡ್ ಹ್ಯಾಂಡ್ ಕಾರುಗಳು ಅಗ್ಗ, ಆದರೂ ಮೊದಲ ವರ್ಷದ ಉಳಿತಾಯದಲ್ಲಿ ಅದಕ್ಕೊಂದು ಪಾಲು ಇಟ್ಟೇ ಲೆಕ್ಕ ಹಾಕಿ.

ಪ್ರಾಧ್ಯಾಪಕರು, ತಜ್ಞ ವೈದ್ಯರು, ಮಕ್ಕಳು ದೊಡ್ಡವರಾಗಿರುವ ನಡುವಯಸ್ಸಿನ ದಂಪತಿ, ತಮ್ಮ ಪಾಡಿಗೆ ತಾವಿದ್ದು ಸುತ್ತಾಡುವ ಇಷ್ಟವಿದ್ದವರು ನಮೀಬಿಯಾ ನೋಡಬಹುದು. ಹಬ್ಬಕ್ಕೆ ನಾಲ್ಕು ಜನ ಬೇಕು, ಅಕ್ಕಪಕ್ಕ ಮಾತಿಗೆ ಸಿಗಬೇಕು ಅನ್ನುವವರಿಗೆ ಅದು ಆಗಿಬರುವುದಿಲ್ಲ. ವ್ಯಾಪಾರದ ಕನಸು ಇಟ್ಟುಕೊಂಡವರು ಮೊದಲು ಎರಡು ವರ್ಷ ಲುಸಾಕಾದಲ್ಲಿ ಸಂಬಳಕ್ಕೆ ದುಡಿದು ಮಾರುಕಟ್ಟೆ ಕಲಿಯಲಿ. ಸರ್ಕಾರಿ ಆಸ್ಪತ್ರೆಗೆ ಕರೆದಿರುವ ದಾದಿಯರು, ಫಾರ್ಮಸಿಸ್ಟುಗಳು ಬೋಟ್ಸ್ವಾನಾವನ್ನು ಕೈಬಿಡಬೇಕಿಲ್ಲ, ಆದರೆ ಈಗಾಗಲೇ ಅಲ್ಲಿರುವ ಒಬ್ಬರನ್ನು ಹುಡುಕಿ ಕಳೆದ ಆರು ತಿಂಗಳ ಸಂಬಳ ಯಾವ ತಾರೀಕಿಗೆ ಬಂತು ಅಂತ ಕೇಳಿ.

ಎರಡು ಆಫರ್ ಕೈಲಿದ್ದರೆ ಎರಡೂ ಕಂಪನಿಗೆ ಒಂದೇ ಇಮೇಲ್ ಕಳಿಸಿ: ಸಂಬಳ ಯಾವ ಕರೆನ್ಸಿಯಲ್ಲಿ ನಿಗದಿ, ತೆರಿಗೆ ಕಳೆದು ಕೈಗೆ ಎಷ್ಟು, ಕರಾರು ಮುಗಿದಾಗ ಗ್ರಾಚ್ಯುಟಿ ಮೂಲವೇತನದ ಶೇಕಡಾ ಎಷ್ಟು, ಮನೆ ಯಾರದು, ಮೆಡಿಕಲ್ ಏಡ್‌ನ ಕಂತು ಯಾರದು, ಶಾಲೆ ಶುಲ್ಕ ಎಷ್ಟರವರೆಗೆ, ಪರ್ಮಿಟ್ ತಿರಸ್ಕೃತವಾದರೆ ಅಥವಾ ನಡುವೆ ಕೆಲಸ ಹೋದರೆ ಟಿಕೆಟ್ ಯಾರದು. ಇವಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಕೊಟ್ಟ ಕಂಪನಿಗೆ ಒಂದು ಅಂಕ ಹೆಚ್ಚು ಕೊಡಿ, "ಬನ್ನಿ, ಇಲ್ಲಿಗೆ ಬಂದಮೇಲೆ ಮಾತಾಡೋಣ" ಅಂದವರನ್ನು ಪಟ್ಟಿಯಿಂದ ತೆಗೆಯಿರಿ.